ಯಾವ ಮೇಜಿಗೆ ಯಾವ ಕಾಗದ: ಮಾನಸಿಕ ಕಾಯಿಲೆಯ ನಡುವೆ ಕಾಲೇಜು ಪ್ರವೇಶ

ಕಳೆದ ಜೂನಿನ ಒಂದು ಮಧ್ಯಾಹ್ನ ನಮ್ಮ ಕಾಲೇಜಿನ ಪ್ರವೇಶ ಕೊಠಡಿಗೆ ಹೊನ್ನಾವರ ಕಡೆಯ ತಂದೆ, ಮಗಳು ಬಂದರು. ಹೊರಗೆ ಮಳೆ ಒಂದೇ ಸಮನೆ ಸುರಿಯುತ್ತಿತ್ತು. ಕಡತವನ್ನು ಎರಡು ಪ್ಲಾಸ್ಟಿಕ್ ಚೀಲಗಳಲ್ಲಿ ಸುತ್ತಿ ತಂದಿದ್ದರು. ಹುಡುಗಿ ದ್ವಿತೀಯ ಪಿಯುಸಿ ಮುಗಿಸಿ ಒಂದು ವರ್ಷವಾಗಿತ್ತು. ನಡುವಿನ ವರ್ಷದ ವಿವರಣೆಗೆಂದು ನೋಟರಿಯ ಮುದ್ರೆ ಬಿದ್ದ ಅಫಿಡವಿಟ್ ಒಂದನ್ನು ತಂದೆ ನನ್ನ ಮುಂದಿಟ್ಟರು.

"ಅಕ್ಕೋರೆ, ಎಲ್ಲವನ್ನೂ ಇದ್ದದ್ದು ಇದ್ದ ಹಾಗೆ ಬರೆಸಿದ್ದೇನೆ. ಮುಚ್ಚಿಟ್ಟರೆ ಮುಂದೆ ಸೀಟು ಹೋದೀತು ಎಂದು ಊರಿನಲ್ಲಿ ಹೇಳಿದರು."

"ಬುದ್ಧಿ ಸ್ಥಿಮಿತದಲ್ಲಿ ಇಲ್ಲದ ಕಾರಣ" ಎಂಬ ಮಾತು ಅದರಲ್ಲಿತ್ತು. ಟೈಪ್ ಮಾಡಿದವರು ತಮಗೆ ತೋಚಿದ್ದನ್ನು ಹಾಕಿದ್ದರು. ಹುಡುಗಿಗೆ ಆಗಿದ್ದದ್ದು ಖಿನ್ನತೆ. ಎಂಟು ತಿಂಗಳು ಚಿಕಿತ್ಸೆ ಪಡೆದು, ಮಾತ್ರೆಯ ಪ್ರಮಾಣವೂ ಇಳಿದು, ಓದಬೇಕೆಂಬ ಹಂಬಲದಿಂದ ಬಂದಿದ್ದಳು. ಆ ಹಾಳೆ ಮೇಜಿನ ಮೇಲೆ ಇದ್ದಷ್ಟು ಹೊತ್ತೂ ಅವಳು ಕಿಟಕಿಯ ಕಡೆ ಮುಖ ಮಾಡಿ ಕುಳಿತಿದ್ದಳು.

ಅಫಿಡವಿಟ್ ಹಿಂದಿರುಗಿಸಿ ಹೊಸದನ್ನು ಮಾಡಿಸಿಕೊಂಡು ಬರಲು ಹೇಳಿದೆ. ಏನು ಬರೆಸಬೇಕೆಂದು ನಾನೇ ಚೀಟಿಯಲ್ಲಿ ಬರೆದುಕೊಟ್ಟೆ: "2024–25ನೇ ಸಾಲಿನಲ್ಲಿ ಆರೋಗ್ಯದ ಕಾರಣದಿಂದ ವ್ಯಾಸಂಗ ಮುಂದುವರಿಸಿರುವುದಿಲ್ಲ. ಈ ಅವಧಿಯಲ್ಲಿ ಬೇರೆ ಯಾವ ಸಂಸ್ಥೆಯಲ್ಲೂ ಪ್ರವೇಶ ಪಡೆದಿರುವುದಿಲ್ಲ." ಅಷ್ಟೇ ಸಾಕೇ ಎಂದು ತಂದೆ ಎರಡು ಸಲ ಕೇಳಿದರು. ಅಷ್ಟೇ ಸಾಕು. ಆ ಕಾಗದದಿಂದ ಕಾಲೇಜಿಗೆ ಬೇಕಾಗಿರುವುದು ಆ ವರ್ಷ ವಿದ್ಯಾರ್ಥಿ ಇನ್ನೊಂದೆಡೆ ದಾಖಲಾಗಿರಲಿಲ್ಲ ಎಂಬ ಭರವಸೆ ಮಾತ್ರ.

ಬಹಳ ವರ್ಷ ಪ್ರವೇಶ ಸಮಿತಿಯಲ್ಲಿ ಕುಳಿತವಳಾಗಿ ನಾನು ಕಂಡುಕೊಂಡಿರುವುದು ಇದು. ನಮ್ಮ ಪ್ರವೇಶ ವ್ಯವಸ್ಥೆಯಲ್ಲಿ ಮಕ್ಕಳ ಕಷ್ಟದ ಕಥೆ ಕೇಳುವುದಕ್ಕೆಂದೇ ಒಂದು ಕುರ್ಚಿ ಇಲ್ಲ. ಅಂಕ, ಮೀಸಲಾತಿ, ರೋಸ್ಟರ್ (ಮೀಸಲಾತಿಯಂತೆ ಸೀಟು ಹಂಚುವ ಸರದಿ ಪಟ್ಟಿ), ಕೊನೆಯ ದಿನಾಂಕ ಇವುಗಳ ಮೇಲೆ ಸೀಟು ಹಂಚಿಕೆಯಾಗುತ್ತದೆ. ಕಾಯಿಲೆ ಲೆಕ್ಕಕ್ಕೆ ಬರುವುದು ಬೆರಳೆಣಿಕೆಯ ಕಡೆಗಳಲ್ಲಿ. ಅಲ್ಲೆಲ್ಲ ಅದಕ್ಕೆಂದೇ ಗೊತ್ತಾದ ಒಂದು ಕಾಗದವಿರುತ್ತದೆ. ಯಾವ ಮೇಜಿಗೆ ಯಾವ ಕಾಗದ ಎಂದು ತಿಳಿಯದ ತಂದೆತಾಯಿಗಳು ಒಂದೋ ಎಲ್ಲರ ಮುಂದೆ ಎಲ್ಲವನ್ನೂ ಹೇಳಿ ಮಗುವನ್ನು ಮುಜುಗರಕ್ಕೆ ತಳ್ಳುತ್ತಾರೆ, ಇಲ್ಲವೇ ಹೆದರಿ ಬಾಯಿ ಮುಚ್ಚಿಕೊಂಡು ಸಿಗಬೇಕಾದ ಸೌಲಭ್ಯವನ್ನೂ ಬಿಟ್ಟುಬಿಡುತ್ತಾರೆ. ಎರಡನ್ನೂ ನೋಡಿ ನೋಡಿ ಈ ಲೇಖನ ಬರೆಯುತ್ತಿದ್ದೇನೆ.

ಎಲ್ಲಕ್ಕಿಂತ ಮೊದಲು

ಫಲಿತಾಂಶದ ದಿನಗಳಲ್ಲಿ ಮಗುವಿನ ಬಾಯಿಂದ "ನಾನು ಇರಬಾರದಿತ್ತು" ಎಂಬಂಥ ಮಾತು ಬಂದರೆ ಅರ್ಜಿ, ಕೌನ್ಸೆಲಿಂಗ್, ಸೀಟು ಎಲ್ಲವನ್ನೂ ಬದಿಗಿಡಿ. ಅವರನ್ನು ಒಂಟಿಯಾಗಿ ಬಿಡಬೇಡಿ. 14416ಕ್ಕೆ ಕರೆ ಮಾಡಿ. ಇದು ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿ. ಶುಲ್ಕವಿಲ್ಲ, ಹಗಲಿರುಳೂ ಇದೆ, ಕನ್ನಡದಲ್ಲಿ ಮಾತನಾಡಬಹುದು. ರಾತ್ರಿಯೇ ಆದರೂ ಹತ್ತಿರದ ಆಸ್ಪತ್ರೆಗೆ ಕರೆದೊಯ್ಯಿರಿ. ಸೀಟು ಮುಂದಿನ ವರ್ಷವೂ ಇರುತ್ತದೆ.

ಹೆಜ್ಜೆ 1: ನೀವು ಯಾವ ಬಾಗಿಲಲ್ಲಿ ನಿಂತಿದ್ದೀರಿ ನೋಡಿ

ಬಿಎ, ಬಿಕಾಂ, ಬಿಎಸ್‌ಸಿಗೆ ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ, ಶಿರಸಿ ಕಡೆಯ ಪದವಿ ಕಾಲೇಜುಗಳು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಸಂಯೋಜನೆಗೆ ಒಳಪಟ್ಟವು. ಇಲ್ಲಿ ಪಿಯುಸಿ ಅಂಕ ಮತ್ತು ರೋಸ್ಟರ್ ಮೇಲೆ ಪ್ರವೇಶ. ರಾಜ್ಯದ ವಿಶ್ವವಿದ್ಯಾಲಯಗಳ ಆನ್‌ಲೈನ್ ವ್ಯವಸ್ಥೆಯಾದ ಯುಯುಸಿಎಂಎಸ್ ಪೋರ್ಟಲ್‌ನಲ್ಲಿ ಅರ್ಜಿ ತುಂಬುತ್ತೀರಿ. ಅಂಗವೈಕಲ್ಯ ಮೀಸಲಾತಿ ಕೇಳದ ವಿದ್ಯಾರ್ಥಿ ಮಾನಸಿಕ ಆರೋಗ್ಯದ ವಿಷಯವನ್ನು ಪ್ರವೇಶಕ್ಕಾಗಿ ಎತ್ತುವ ಅಗತ್ಯವೇ ಇಲ್ಲ.

ಎಂಜಿನಿಯರಿಂಗ್‌ಗೆ ಸಿಇಟಿ ಅಂಕ ಅರ್ಧ, ಪಿಯುಸಿ ಅಂಕ ಅರ್ಧ ಸೇರಿ ರ‍್ಯಾಂಕ್ ಆಗುತ್ತದೆ. ಶಿರಸಿಯ ಅರಣ್ಯ ಕಾಲೇಜಿಗೆ ಹೋಗಬೇಕೆಂಬ ನಮ್ಮ ಘಟ್ಟದ ಮೇಲಿನ ಮಕ್ಕಳ ದಾರಿಯೂ ಸಿಇಟಿಯದೇ. ವೈದ್ಯಕೀಯಕ್ಕೆ ನೀಟ್ ಅಂಕವೊಂದೇ. "ಆ ವರ್ಷ ಹುಷಾರಿರಲಿಲ್ಲ, ಹತ್ತು ಅಂಕ ಸೇರಿಸಿ" ಎಂದು ಇಲ್ಲಿ ಯಾರನ್ನೂ ಕೇಳುವಂತಿಲ್ಲ. ಕೇಳಿದರೂ ಕೊಡುವ ಅಧಿಕಾರ ಯಾರಿಗೂ ಇಲ್ಲ. ಕಹಿ ಎನಿಸಿದರೂ ಇದನ್ನು ಮೊದಲೇ ಒಪ್ಪಿಕೊಂಡರೆ ಎಷ್ಟೋ ಓಡಾಟ ಉಳಿಯುತ್ತದೆ.

ಐಐಟಿ ಕನಸಿರುವವರು ಒಂದು ವಿಷಯ ಗಮನಿಸಿ: ಜೆಇಇ ಅಡ್ವಾನ್ಸ್‌ಡ್ ಅನ್ನು ಸತತ ಎರಡು ವರ್ಷಗಳಲ್ಲಿ ಎರಡೇ ಸಲ ಬರೆಯಬಹುದು. ಕಾಯಿಲೆಯಲ್ಲಿ ಕಳೆದ ವರ್ಷವನ್ನು ಆ ಲೆಕ್ಕ ಬಿಡುವುದಿಲ್ಲ. ಆದ್ದರಿಂದ ಚೇತರಿಕೆಗೆ ವರ್ಷ ತೆಗೆದುಕೊಳ್ಳುವ ಮೊದಲು ಆ ಎರಡು ವರ್ಷ ಯಾವುವು ಎಂದು ಎಣಿಸಿಕೊಳ್ಳಿ. ನೀಟ್‌ಗೆ ಹೀಗೆ ಸಲಗಳ ಮಿತಿ ಇಲ್ಲ.

ಹೊರದೇಶಕ್ಕೆ ಅರ್ಜಿ ಹಾಕುವವರಿಗೆ ಮಾತ್ರ ಚಿತ್ರ ಬೇರೆ. ಬ್ರಿಟನ್ನಿನ ಯುಕಾಸ್ ಅರ್ಜಿಯಲ್ಲಿ ಮಾನಸಿಕ ಆರೋಗ್ಯದ ಸ್ಥಿತಿ ತಿಳಿಸುವ ಅಂಕಣವಿದೆ. ಅದು ನೆರವಿನ ಏರ್ಪಾಡಿಗೆಂದು ಇರುವುದು. ಅಮೆರಿಕದ ಕಾಲೇಜುಗಳು ಬಳಸುವ ಕಾಮನ್ ಆ್ಯಪ್‌ನಲ್ಲಿ ಅಂಕ ಇಳಿದುದಕ್ಕೆ ಕಾರಣ ಹೇಳಿಕೊಳ್ಳಲು ಜಾಗ ಕೊಡುತ್ತಾರೆ. ಅಲ್ಲಿ ಬರೆಯುವುದಾದರೆ ಕಾಯಿಲೆಗೆ ಎರಡು ಸಾಲು, ಚೇತರಿಸಿಕೊಂಡು ಏನು ಮಾಡಿದಿರಿ ಎಂಬುದಕ್ಕೆ ನಾಲ್ಕು ಸಾಲು ಕೊಡಿ.

ಹೆಜ್ಜೆ 2: ಅಂಕವನ್ನೇ ಸರಿಪಡಿಸಿಕೊಳ್ಳುವ ದಾರಿ

2024ರಿಂದ ನಮ್ಮ ರಾಜ್ಯದಲ್ಲಿ ದ್ವಿತೀಯ ಪಿಯುಸಿಗೆ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳು. ಮೊದಲ ಪರೀಕ್ಷೆಯ ಹೊತ್ತಿಗೆ ಆತಂಕ ಮೇಲೇರಿ ಉತ್ತರ ಪತ್ರಿಕೆ ಖಾಲಿ ಬಿಟ್ಟು ಬಂದ ಮಗುವಿಗೆ ಅದೇ ವರ್ಷ ಮತ್ತೆ ಬರೆಯುವ ಅವಕಾಶವಿದೆ. ಹೆಚ್ಚಿನ ಅಂಕವನ್ನೇ ಉಳಿಸಿಕೊಳ್ಳಬಹುದು. ಕಾಯಿಲೆಯ ಹೆಸರೆತ್ತದೆ, ಯಾವ ಸರ್ಟಿಫಿಕೇಟ್ ಕೇಳದೆ, ಕಾಯಿಲೆಯವರಿಗೆ ನಿಜವಾಗಿ ನೆರವಾಗುವ ಏರ್ಪಾಡು ಇದು. ನನ್ನ ಮಟ್ಟಿಗೆ ಇದಕ್ಕಿಂತ ದೊಡ್ಡ ಉಪಕಾರ ಇತ್ತೀಚೆಗೆ ಆಗಿಲ್ಲ. ಆದರೂ ಎಷ್ಟೋ ಮನೆಗಳಲ್ಲಿ ಮೊದಲ ಫಲಿತಾಂಶದ ದಿನವೇ ಎಲ್ಲ ಮುಗಿಯಿತೆಂದು ಅಳುತ್ತಾರೆ. ಹೊಸ ಅಂಕ ಸಿಇಟಿ ರ‍್ಯಾಂಕಿಗೆ ಸೇರುವ ಬಗೆಯನ್ನು ಸಿಇಟಿ ನಡೆಸುವ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ (ಕೆಇಎ) ಆಯಾ ವರ್ಷದ ಪ್ರಕಟಣೆಯಲ್ಲಿ ಓದಿಕೊಳ್ಳಿ.

ಹೆಜ್ಜೆ 3: ವೈದ್ಯರ ಪತ್ರ

ಇದಕ್ಕೆ ಹೆಚ್ಚು ಜಾಗ ಕೊಡುತ್ತೇನೆ, ಏಕೆಂದರೆ ಹೆಚ್ಚಿನವರು ಎಡವುವುದು ಇಲ್ಲೇ. ಒಪಿಡಿ ಚೀಟಿಗಳ ಕಟ್ಟನ್ನೇ ತಂದು ಮೇಜಿನ ಮೇಲೆ ಸುರಿಯುತ್ತಾರೆ. ಆ ಚೀಟಿಗಳಲ್ಲಿ ಮಾತ್ರೆಯ ಹೆಸರಿದೆ, ಮನೆಯೊಳಗಿನ ಸಂಗತಿಗಳಿವೆ, ಒಮ್ಮೊಮ್ಮೆ ಮಗು ವೈದ್ಯರಿಗೆ ಮಾತ್ರ ಹೇಳಿದ ಮಾತುಗಳೂ ಇರುತ್ತವೆ. ಅವು ಕಾಲೇಜಿನ ಗುಮಾಸ್ತರು ನೋಡಬೇಕಾದವಲ್ಲ.

ಒಬ್ಬ ಹುಡುಗ ಊರು ಬಿಟ್ಟು ಹಾಸ್ಟೆಲ್ ಸೇರಿದ್ದ. ತಾಯಿ ಒಳ್ಳೆಯ ಮನಸ್ಸಿನಿಂದ ಔಷಧಿ ಚೀಟಿಯ ನಕಲನ್ನು ಅಲ್ಲಿ ಕೊಟ್ಟಿದ್ದರು. ವಾರ ಕಳೆಯುವುದರೊಳಗೆ ವಿಷಯ ಅಡುಗೆಮನೆಯವರೆಗೂ ತಲುಪಿತ್ತು. ದಸರಾ ರಜೆಗೆ ಬಂದವನು ಮತ್ತೆ ಹೋಗಲಿಲ್ಲ. ಇದನ್ನು ನೆನೆದರೆ ಈಗಲೂ ನನಗೆ ಸಂಕಟವಾಗುತ್ತದೆ.

ಆದ್ದರಿಂದ ಚೀಟಿಗಳನ್ನು ಮನೆಯಲ್ಲಿಡಿ. ವೈದ್ಯರಿಂದ ಪ್ರತ್ಯೇಕ ಪತ್ರ ಬರೆಸಿಕೊಳ್ಳಿ. "ಈ ರೋಗಿ ಖಿನ್ನತೆಯಿಂದ ಬಳಲುತ್ತಿದ್ದಾರೆ" ಎಂಬ ಒಂದೇ ಸಾಲಿನ ಪತ್ರದಿಂದ ಯಾರಿಗೂ ಉಪಯೋಗವಿಲ್ಲ. ಓದಿದವರಿಗೆ ಹೆದರಿಕೆ ಹುಟ್ಟುತ್ತದೆ ಅಷ್ಟೇ. ಎಂದಿನಿಂದ ಎಂದಿನವರೆಗೆ ಚಿಕಿತ್ಸೆ ನಡೆಯಿತು, ಆ ಅವಧಿಯಲ್ಲಿ ಓದಿಗೆ ಏನು ತೊಂದರೆಯಾಯಿತು, ಈಗ ತರಗತಿಗೆ ಹಾಜರಾಗಲು ಯೋಗ್ಯರೇ, ಮುಂದೆ ಏನು ಅನುಕೂಲ ಬೇಕು, ಈ ನಾಲ್ಕು ಸಂಗತಿಗಳನ್ನು ಕೇಳಿ ಬರೆಸಿ. ಕೊನೆಯದು ಆದಷ್ಟು ಖಚಿತವಾಗಿರಲಿ: "ತಿಂಗಳಿಗೊಮ್ಮೆ ತಪಾಸಣೆಗೆ ರಜೆ ಬೇಕು", "ಪರೀಕ್ಷೆಯಲ್ಲಿ ಬಾಗಿಲ ಹತ್ತಿರದ ಆಸನ ಒಳ್ಳೆಯದು" ಎಂಬಂತೆ. ರೋಗದ ಹೆಸರು ಬೇಡವೆಂದು ನೀವು ಕೋರಬಹುದು. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017ರ 23ನೆಯ ಕಲಂ ನಿಮ್ಮ ಚಿಕಿತ್ಸೆಯ ವಿವರ ಗೋಪ್ಯವಾಗಿರುವ ಹಕ್ಕನ್ನು ಕೊಟ್ಟಿದೆ. 25ನೆಯ ಕಲಂ ನಿಮ್ಮ ಪ್ರಾಥಮಿಕ ವೈದ್ಯಕೀಯ ದಾಖಲೆಗಳನ್ನು ನೀವು ಪಡೆಯುವ ಹಕ್ಕನ್ನು ಕೊಟ್ಟಿದೆ.

ಪತ್ರ ಎಲ್ಲಿ ಸಿಗುತ್ತದೆ? ಕಾರವಾರ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಆಸ್ಪತ್ರೆಯ ಮನೋವೈದ್ಯಕೀಯ ವಿಭಾಗದಲ್ಲಿ ಕೇಳಿ. ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲೂಕು ಆಸ್ಪತ್ರೆಗಳಲ್ಲೂ ಮಂಗಳವಾರಗಳಂದು ಮನೋವೈದ್ಯರ ಸೇವೆ ಕೊಡುವ ವ್ಯವಸ್ಥೆ ಮಾಡಿದ್ದಾರೆ. ನಿಮ್ಮ ತಾಲೂಕಿಗೆ ಯಾವ ವಾರ ಬರುತ್ತಾರೆಂದು ಆಸ್ಪತ್ರೆಯಲ್ಲಿ ವಿಚಾರಿಸಿ ಹೋಗಿ. ಹೆಚ್ಚಿನ ಚಿಕಿತ್ಸೆಗೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇದೆ. ಈಗಾಗಲೇ ಒಬ್ಬ ವೈದ್ಯರು ನೋಡುತ್ತಿದ್ದರೆ ಅವರ ಪತ್ರವೇ ಮೇಲು. ಹೊಸದಾಗಿ ಒಂದೇ ದಿನ ನೋಡಿದವರು ಹಿಂದಿನ ವರ್ಷದ ಬಗ್ಗೆ ಏನೆಂದು ಬರೆದಾರು?

ಹೆಜ್ಜೆ 4: ಅಂಗವೈಕಲ್ಯ ಪ್ರಮಾಣಪತ್ರ ನಿಮಗೆ ಬೇಕೇ?

ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ, 2016 ಒಟ್ಟು 21 ಬಗೆಯ ವೈಕಲ್ಯಗಳನ್ನು ಗುರುತಿಸಿದೆ. ಅವುಗಳಲ್ಲಿ ಮಾನಸಿಕ ಕಾಯಿಲೆಯೂ ಒಂದು. ವೈಕಲ್ಯ ಶೇ. 40 ಅಥವಾ ಅದಕ್ಕಿಂತ ಹೆಚ್ಚು ಎಂದು ಪ್ರಮಾಣಿತವಾದರೆ ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಮೀಸಲಿಡಬೇಕಾದ ಕನಿಷ್ಠ ಶೇ. 5 ಸೀಟುಗಳಿಗೆ ಅರ್ಹತೆ ಬರುತ್ತದೆ. ಗರಿಷ್ಠ ವಯೋಮಿತಿಯಲ್ಲಿ ಐದು ವರ್ಷ ಸಡಿಲಿಕೆಯೂ ಇದೆ. ಪ್ರವೇಶದ ಹೊತ್ತಿನಲ್ಲಿ ಮಾನಸಿಕ ಕಾಯಿಲೆ ನೇರವಾಗಿ ಲೆಕ್ಕಕ್ಕೆ ಬರುವ ದೊಡ್ಡ ದಾರಿ ಇದೇ.

ಆದರೆ ಶೇ. 40 ಸುಲಭವಾಗಿ ಬರುವಂಥದ್ದಲ್ಲ. ಐಡಿಯಾಸ್ ಎಂಬ ಮಾಪಕದಲ್ಲಿ ಅಳೆಯುತ್ತಾರೆ. ತನ್ನ ಆರೈಕೆ ತಾನೇ ಮಾಡಿಕೊಳ್ಳುವುದು, ಜನರೊಂದಿಗಿನ ಒಡನಾಟ, ಮಾತು ಮತ್ತು ಗ್ರಹಿಕೆ, ಓದು ಅಥವಾ ಕೆಲಸ, ಈ ನಾಲ್ಕರಲ್ಲಿ ಎಷ್ಟು ತೊಂದರೆ ಎಂದು ನೋಡಿ, ಕಾಯಿಲೆ ಎಷ್ಟು ಕಾಲದಿಂದ ಇದೆ ಎಂಬುದನ್ನೂ ಕೂಡಿಸುತ್ತಾರೆ. ಪಿಯುಸಿ ವರ್ಷದಲ್ಲಿ ಬಂದು ಗುಣವಾದ ಖಿನ್ನತೆಗೆ, ಪರೀಕ್ಷೆಯ ಆತಂಕಕ್ಕೆ ಸಾಮಾನ್ಯವಾಗಿ ಅಷ್ಟು ಬರುವುದಿಲ್ಲ. ವರ್ಷಗಟ್ಟಲೆ ಸ್ಕಿಜೋಫ್ರೇನಿಯಾ, ಬೈಪೋಲಾರ್ ಅಥವಾ ತೀವ್ರ ಗೀಳು ಕಾಯಿಲೆಯೊಂದಿಗೆ (ಒಸಿಡಿ) ಬದುಕುತ್ತ ಓದುತ್ತಿರುವ ಮಕ್ಕಳಿಗೆ ಬರಬಹುದು. ಅಂಥ ಮನೆಯವರು ಹಿಂಜರಿಯಬೇಡಿ. ನಾಳೆ ಮದುವೆಗೆ ತೊಡಕಾದೀತು ಎಂದು ಅಂಗವೈಕಲ್ಯದ ಕಾರ್ಡ್ ಮಾಡಿಸದೆ ಬಿಟ್ಟ ಮನೆಗಳನ್ನು ಕಂಡಿದ್ದೇನೆ. ಆ ಕಾರ್ಡನ್ನು ಊರಿಗೆಲ್ಲ ತೋರಿಸುವುದಿಲ್ಲ; ಸೌಲಭ್ಯ ಕೇಳುವ ಕಡೆ ಮಾತ್ರ ತೋರಿಸುತ್ತೀರಿ.

ಅರ್ಜಿ ಸ್ವಾವಲಂಬನ್ ಪೋರ್ಟಲ್‌ನಲ್ಲಿ. ಅದರಿಂದ ಯುಡಿಐಡಿ ಎಂಬ ಅಂಗವೈಕಲ್ಯದ ಗುರುತಿನ ಕಾರ್ಡ್ ಬರುತ್ತದೆ. ತಪಾಸಣೆಯ ದಿನ ಮಗುವನ್ನು ಚೆನ್ನಾಗಿ ಬಲ್ಲ ಒಬ್ಬರು ಜೊತೆಗಿರಬೇಕು, ಹಳೆಯ ಚೀಟಿಗಳೆಲ್ಲ ಇರಬೇಕು. ಇಲ್ಲಿ ಮಾತ್ರ ಏನನ್ನೂ ಬಿಡದೆ ಹೇಳಿ. ಆನ್‌ಲೈನ್ ಗೊತ್ತಾಗದಿದ್ದರೆ ನಿಮ್ಮ ಗ್ರಾಮ ಪಂಚಾಯತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನೋ ತಾಲೂಕಿನ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರನ್ನೋ ಹಿಡಿಯಿರಿ. ಜೊಯಿಡಾ, ಸಿದ್ದಾಪುರದ ಒಳಹಳ್ಳಿಗಳಲ್ಲಿ ಈ ಕೆಲಸವನ್ನು ಕೈಹಿಡಿದು ಮಾಡಿಸುವವರು ಅವರೇ. ಪ್ರವೇಶಕ್ಕೆ ಆರು ತಿಂಗಳ ಮೊದಲು ಶುರು ಮಾಡಿ. ಜುಲೈನಲ್ಲಿ ಹೊರಟರೆ ಆಗುವುದಿಲ್ಲ. ನಮ್ಮಲ್ಲಿ ಮಳೆಯ ದಿನಗಳೂ ಪ್ರವೇಶದ ದಿನಗಳೂ ಒಂದೇ. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದ ಮೇಲೆ ಹೆದ್ದಾರಿ 66 ಎಷ್ಟು ದಿನ ಮುಚ್ಚಿತ್ತು ಎಂಬುದು ನಿಮಗೇ ನೆನಪಿದೆ.

ಪ್ರಮಾಣಪತ್ರ ತಾತ್ಕಾಲಿಕವಾಗಿದ್ದರೆ ಅದರ ಅವಧಿ ಪ್ರವೇಶದ ನಡುವೆ ಮುಗಿಯುವುದಿಲ್ಲವೇ ನೋಡಿಕೊಳ್ಳಿ. ವೈದ್ಯಕೀಯ ಕೋರ್ಸಿಗೆ ಸಾಮಾನ್ಯ ಕಾರ್ಡ್ ಸಾಲದು. ಅದಕ್ಕೆಂದೇ ನಿಗದಿಯಾದ ಕೇಂದ್ರಗಳ ತಪಾಸಣೆ ಬೇಕು. ಶೇಕಡಾವಾರು ಅಂಕಿಯೊಂದನ್ನೇ ಹಿಡಿದು ಎಂಬಿಬಿಎಸ್ ನಿರಾಕರಿಸುವಂತಿಲ್ಲ, ಅಭ್ಯರ್ಥಿ ಓದನ್ನು ನಿಭಾಯಿಸಬಲ್ಲರೇ ಎಂದು ಮಂಡಳಿ ಪರಿಶೀಲಿಸಬೇಕು ಎಂದು ಸುಪ್ರೀಂ ಕೋರ್ಟ್ 2024ರ ಅಕ್ಟೋಬರ್ 15ರಂದು ಹೇಳಿದೆ. ತಿರಸ್ಕೃತರಾದವರು ಈ ಆದೇಶವನ್ನು ಕೈಯಲ್ಲಿ ಹಿಡಿದು ಕೇಳಿ.

ಶೇ. 40 ಬಾರದಿದ್ದರೆ ಸೀಟಿನ ಮೀಸಲಾತಿ ಇಲ್ಲ, ನಿಜ. ಆದರೆ ಕಾಯ್ದೆಯ ರಕ್ಷಣೆಯೆಲ್ಲವೂ ಅಲ್ಲಿಗೆ ಮುಗಿಯುವುದಿಲ್ಲ. ಸೂಕ್ತ ಅನುಕೂಲ ಕಲ್ಪಿಸುವ ಹೊಣೆ ಶೇ. 40ರ ಗೆರೆಗೆ ಕಟ್ಟುಬಿದ್ದಿಲ್ಲ ಎಂದು ಅದೇ ನ್ಯಾಯಾಲಯ 2021ರ ಫೆಬ್ರವರಿಯಲ್ಲಿ, ಬರೆಯಲು ಕೈ ಸಹಕರಿಸದ ಒಬ್ಬ ಅಭ್ಯರ್ಥಿಯ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ.

ಹೆಜ್ಜೆ 5: ಅರ್ಜಿಯಲ್ಲಿ ಆರೋಗ್ಯದ ಪ್ರಶ್ನೆ ಬಂದರೆ

ಕೇಳದೆ ಇರುವಲ್ಲಿ ಹೇಳದಿರುವುದು ನಿಮ್ಮ ಹಕ್ಕು. ನೇರವಾಗಿ ಕೇಳಿದ ಕಡೆ ಸುಳ್ಳು ಬರೆಯುವುದು ಬೇರೆ ಮಾತು, ಅದನ್ನು ಮಾಡಬೇಡಿ. ಹಾಸ್ಟೆಲಿನ ಅರ್ಜಿಯಲ್ಲಿ "ದೀರ್ಘಕಾಲದ ಕಾಯಿಲೆ ಇದೆಯೇ" ಎಂದಿದ್ದರೆ "ಇದೆ, ಚಿಕಿತ್ಸೆಯಲ್ಲಿ ನಿಯಂತ್ರಣದಲ್ಲಿದೆ, ವೈದ್ಯರ ಪತ್ರ ಲಗತ್ತಿಸಿದೆ" ಎಂದು ಬರೆದು, ಮೂರನೆಯ ಹೆಜ್ಜೆಯ ಆ ಪತ್ರವನ್ನು ಮುಚ್ಚಿದ ಲಕೋಟೆಯಲ್ಲಿ ವಾರ್ಡನ್ ಹೆಸರಿಗೆ ಕೊಡಿ. ದೈಹಿಕ ಯೋಗ್ಯತಾ ಪ್ರಮಾಣಪತ್ರ ಕೇಳುವ ಕೋರ್ಸುಗಳಲ್ಲಿ ಅವರದೇ ನಮೂನೆ ಇರುತ್ತದೆ. ಅದನ್ನು ನಿಮ್ಮನ್ನು ನೋಡುತ್ತಿರುವ ವೈದ್ಯರಿಗೆ ತೋರಿಸಿ ಸಹಿ ಪಡೆಯಿರಿ.

ಸಂದರ್ಶನದಲ್ಲಿ ನಡುವಿನ ವರ್ಷದ ಬಗ್ಗೆ ಕೇಳಿದರೆ? "ಹುಷಾರಿರಲಿಲ್ಲ, ಚಿಕಿತ್ಸೆ ಪಡೆದೆ, ಈಗ ಚೆನ್ನಾಗಿದ್ದೇನೆ" ಎಂಬ ಮಾತನ್ನು ಮನೆಯಲ್ಲಿ ಹತ್ತು ಸಲ ಜೋರಾಗಿ ಹೇಳಿ ಅಭ್ಯಾಸ ಮಾಡಿಸಿ. ತಂದೆತಾಯಿ ಮಧ್ಯೆ ಬಾಯಿ ಹಾಕಬಾರದು.

ಹೆಜ್ಜೆ 6: ಮಾತ್ರೆಗೂ ಬಸ್ಸಿಗೂ ಹೊಂದುವ ಕಾಲೇಜು

ಮನಸ್ಸಿನ ಕಾಯಿಲೆಯ ಕೆಲವು ಮಾತ್ರೆಗಳು ರಾತ್ರಿ ತೆಗೆದುಕೊಂಡರೆ ಬೆಳಿಗ್ಗೆಯವರೆಗೂ ಮಂಪರು ತರುತ್ತವೆ. ಒಳಹಳ್ಳಿಯಿಂದ ಶಿರಸಿಗೋ ಕುಮಟಾಕ್ಕೋ ಬರುವ ಮಗು ಮೊದಲ ಬಸ್ ಹಿಡಿಯಲು ಐದಕ್ಕೇ ಏಳಬೇಕು. ಕೆಲವು ಮಕ್ಕಳು ಆ ಬಸ್ಸಿಗಾಗಿ ಮಾತ್ರೆಯನ್ನೇ ಬಿಡುತ್ತಾರೆ, ಮನೆಯವರಿಗೆ ಹೇಳುವುದಿಲ್ಲ. ಎರಡನೆಯ ಸೆಮಿಸ್ಟರಿನ ಹೊತ್ತಿಗೆ ಕಾಯಿಲೆ ಮರಳಿರುತ್ತದೆ. ಕಾಲೇಜು ಆರಿಸುವಾಗ ತರಗತಿ ಎಷ್ಟಕ್ಕೆ ಶುರು, ಎರಡನೆಯ ಬಸ್ ಹಿಡಿದರೆ ಸಾಕೇ, ಪೇಟೆಯಲ್ಲಿ ನೆಂಟರ ಮನೆ ಇದೆಯೇ ಎಂಬುದನ್ನು ಕಾಲೇಜಿನ ಹೆಸರಿನಷ್ಟೇ ಗಂಭೀರವಾಗಿ ನೋಡಿ. ಮಾತ್ರೆಯ ಸಮಯ ಬದಲಿಸಬಹುದೇ ಎಂದು ವೈದ್ಯರನ್ನು ಕೇಳಿ, ನೀವಾಗಿ ಬದಲಿಸಬೇಡಿ.

ಹೊರಗೆ ಕಳಿಸುವುದಾದರೆ ಅಲ್ಲಿನ ಮನೋವೈದ್ಯರ ಮೊದಲ ಭೇಟಿಯನ್ನು ಪ್ರವೇಶದ ವಾರದಲ್ಲೇ ಮುಗಿಸಿ. ಬೆಂಗಳೂರು ಎಂದರೆ ದೊಡ್ಡ ಅವಕಾಶ, ಒಪ್ಪುತ್ತೇನೆ. ಆದರೂ ಇತ್ತೀಚೆಗಷ್ಟೇ ಚೇತರಿಸಿಕೊಂಡ ಮಗು ಮೊದಲ ಮೂರು ವರ್ಷ ಅಮ್ಮನ ಕೈಯ ಗಂಜಿ ಸಿಗುವ ದೂರದಲ್ಲೇ ಕಳೆಯಲಿ ಎಂಬುದು ನನ್ನ ಸಲಹೆ. ಸ್ನಾತಕೋತ್ತರಕ್ಕೆ ಎಲ್ಲಿಗೆ ಬೇಕಾದರೂ ಹೋಗಬಹುದು.

ಹೆಜ್ಜೆ 7: ಸೀಟು ಸಿಕ್ಕ ಮೇಲೆ

ಸೀಟು ಕೈಸೇರಿದ ಮೇಲೆ ಹೇಳಿಕೊಳ್ಳುವುದು ಹೆಚ್ಚು ಸುರಕ್ಷಿತ, ಹೆಚ್ಚು ಉಪಯುಕ್ತ ಕೂಡ. ಹಾಜರಾತಿ ಸಾಮಾನ್ಯವಾಗಿ ಶೇ. 75 ಬೇಕು. ಕೊರತೆಯಾದ ಮೇಲೆ ಸರ್ಟಿಫಿಕೇಟ್ ತಂದರೆ ಅನುಮಾನದಿಂದ ನೋಡುತ್ತಾರೆ. ಮೊದಲ ತಿಂಗಳಲ್ಲೇ ತಿಳಿಸಿದ್ದರೆ ನಾವು ಮುಂದೆ ಬಿದ್ದು ಸಹಾಯ ಮಾಡುತ್ತೇವೆ. ಕಾಲೇಜಿನಲ್ಲಿ ಆಪ್ತಸಮಾಲೋಚಕರು ಇದ್ದಾರೆಯೇ ಕೇಳಿ. ನೂರು ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಶಿಕ್ಷಣ ಸಂಸ್ಥೆಗಳು ಅರ್ಹ ಆಪ್ತಸಮಾಲೋಚಕರೊಬ್ಬರನ್ನಾದರೂ ನೇಮಿಸಬೇಕೆಂದು ಸುಪ್ರೀಂ ಕೋರ್ಟ್ 2025ರ ಜುಲೈ 25ರಂದು ನಿರ್ದೇಶನ ನೀಡಿದೆ. ನೀವು ಕೇಳದಿದ್ದರೆ ಆ ಹುದ್ದೆ ಕಾಗದದಲ್ಲೇ ಉಳಿಯುತ್ತದೆ.

ಸೇರಿದ ಮೇಲೆ ಆಗುವುದಿಲ್ಲ ಎನಿಸಿದರೆ ಬೇಗ ನಿರ್ಧರಿಸಿ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ಪ್ರಕಟಣೆಯಂತೆ ಶುಲ್ಕ ಮರುಪಾವತಿ ದಿನ ಕಳೆದಂತೆ ಕಡಿಮೆಯಾಗುತ್ತದೆ. ಪ್ರವೇಶದ ಕೊನೆಯ ದಿನಾಂಕದಿಂದ 30 ದಿನ ದಾಟಿದರೆ ಏನೂ ಸಿಗುವುದಿಲ್ಲ. ಮೂಲ ಅಂಕಪಟ್ಟಿಗಳನ್ನು ಕಾಲೇಜು ಇಟ್ಟುಕೊಳ್ಳುವಂತಿಲ್ಲ ಎಂದೂ ಅದೇ ಪ್ರಕಟಣೆ ಹೇಳುತ್ತದೆ. ಒಂದೆರಡು ಸೆಮಿಸ್ಟರ್ ಮುಗಿಸಿ ನಿಲ್ಲಿಸಬೇಕಾಗಿ ಬಂದರೆ, ಪಾಸಾದ ವಿಷಯಗಳ ಕ್ರೆಡಿಟ್ ಲೆಕ್ಕವನ್ನು ಆನ್‌ಲೈನ್‌ನಲ್ಲಿ ಕೂಡಿಡುವ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್‌ನಲ್ಲಿ ನಿಮ್ಮ ಕ್ರೆಡಿಟ್ ಜಮೆಯಾಗಿದೆಯೇ ನೋಡಿ. ಅಲ್ಲಿ ಅವು ಏಳು ವರ್ಷದವರೆಗೆ ಉಳಿಯುತ್ತವೆ.

ಇನ್ನು ಪ್ರಾಂಶುಪಾಲರಿಗೆ ಬರೆಯುವ ಪತ್ರ. ಹೊನ್ನಾವರದ ಆ ಹುಡುಗಿ ಆಗಸ್ಟಿನಲ್ಲಿ ತಾನೇ ಕೈಬರಹದಲ್ಲಿ ಬರೆದು ತಂದಳು. ತಂದೆ ಜೊತೆಗೆ ಬಂದಿರಲಿಲ್ಲ. "ಮಾನ್ಯರೇ, ನಾನು ವೈದ್ಯಕೀಯ ಚಿಕಿತ್ಸೆಯಲ್ಲಿದ್ದು, ಪ್ರತಿ ತಿಂಗಳು ಒಂದು ಮಂಗಳವಾರ ಆಸ್ಪತ್ರೆಗೆ ಹೋಗಬೇಕಾಗುತ್ತದೆ. ಆ ದಿನದ ಹಾಜರಾತಿಗೆ ವಿನಾಯಿತಿ ನೀಡಬೇಕಾಗಿ ವಿನಂತಿ. ವೈದ್ಯರ ಪತ್ರ ಲಗತ್ತಿಸಿದೆ. ಈ ವಿವರವನ್ನು ಗೋಪ್ಯವಾಗಿ ಇಡಬೇಕಾಗಿ ಕೋರುತ್ತೇನೆ." ಅದರಲ್ಲಿ ತಿದ್ದಲು ನನಗೆ ಏನೂ ಸಿಗಲಿಲ್ಲ. ಇಂಥ ಪತ್ರದ ಎರಡು ಪ್ರತಿ ಒಯ್ಯಿರಿ. ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ಕಚೇರಿಯ ಸೀಲು ಮತ್ತು ದಿನಾಂಕ ಹಾಕಿಸಿಕೊಂಡೇ ಹೊರಗೆ ಬನ್ನಿ.